50,000ದ ಗೇಮಿಂಗ್ ಪಿಸಿ, ಕೊನೆಗೆ ಬಿದ್ದ ಲೆಕ್ಕ

ರಾಯಚೂರಿನ ರಾಜೇಂದ್ರ ಗಂಜ್‌ನ ಒಂದು ದಲಾಲಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಬರೆಯೋದು ಅಂದರೆ ಈಗ ಟ್ಯಾಲಿಯಲ್ಲಿ ಒತ್ತೋದು. ಹತ್ತಿ ಸೀಸನ್ ಶುರುವಾದರೆ ರಾತ್ರಿ ಒಂಬತ್ತಾದರೂ ಕುರ್ಚಿ ಬಿಟ್ಟು ಏಳೋ ಹಾಗಿಲ್ಲ. ಇಷ್ಟು ವರ್ಷ ಮಂದಿಯ ದುಡ್ಡಿನ ಲೆಕ್ಕವನ್ನು ಒಂದು ರೂಪಾಯಿ ಆಚೀಚೆ ಆಗದಂತೆ ಇಟ್ಟವನು ನಾನು. ಆದರೆ ನನ್ನದೇ ಕಂಪ್ಯೂಟರಿನ ಲೆಕ್ಕದಲ್ಲಿ 22,600 ರೂಪಾಯಿ ತಪ್ಪಿದೆ. ಎಲ್ಲೆಲ್ಲಿ ತಪ್ಪಿದೆ ಅನ್ನೋದನ್ನು ಬರೆಯುತ್ತೇನೆ. ಗೇಮಿಂಗ್ ಪಿಸಿ ಕಟ್ಟಬೇಕು ಅಂತ ಲೆಕ್ಕ ಹಾಕುತ್ತಾ ಕೂತಿರೋ ನಮ್ಮ ಕಡೆಯ ಹುಡುಗರಿಗೆ ಬೇಕಾಗಬಹುದು.

ಶುರುವಾಗಿದ್ದು ಫೋನಿನಿಂದ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಬ್ಯಾನ್ ಆಯಿತು. ಮರುವರ್ಷ ಬಿಜಿಎಂಐ ಅಂತ ಹೆಸರು ಬದಲಿಸಿಕೊಂಡು ಬಂತು. ರಾತ್ರಿ ಊಟ ಆದ ಮೇಲೆ ನಾವು ನಾಲ್ಕು ಜನ ಗೆಳೆಯರು ಒಂದು ತಾಸು ಆಡುತ್ತಿದ್ದೆವು. 2022ರ ಜುಲೈ ಕೊನೆಗೆ ಅದೂ ಹೋಯಿತು. ಉಣ್ಣುತ್ತಾ ಕೂತವನ ಮುಂದಿನ ತಾಟು ಎರಡು ಸಲ ಎತ್ತಿಕೊಂಡು ಹೋದ ಹಾಗೆ. ಆವತ್ತೇ ಅಂದುಕೊಂಡೆ, ಇನ್ನು ಮೇಲೆ ಆಡಿದರೆ ಕಂಪ್ಯೂಟರಿನಲ್ಲೇ ಆಡೋದು.

ಎಷ್ಟು ದುಡ್ಡು? 50,000. ಯಾಕೆ 50,000? ಚೀಟಿ ಎತ್ತಿದರೆ 30,000 ಬರುತ್ತಿತ್ತು, ದೀಪಾವಳಿ ಬೋನಸ್ 20,000 ಬರುತ್ತಿತ್ತು. ಕೂಡಿದರೆ 50,000. ಬೇರೆ ಯಾವ ಕಾರಣವೂ ಇಲ್ಲ. ಏನು ಬೇಕು ಅಂತ ನೋಡಿ ಹಾಕಿದ ಮೊತ್ತ ಅಲ್ಲ ಅದು, ಜೇಬು ತಡವಿದಾಗ ಸಿಕ್ಕ ಮೊತ್ತ. ಮನೆಯಲ್ಲಿ ಹೇಳಿದಾಗ ಹೆಂಡತಿ ರೊಟ್ಟಿ ತಟ್ಟೋದು ನಿಲ್ಲಿಸಲಿಲ್ಲ. "ಅಷ್ಟು ರೊಕ್ಕ ಹಾಕಿ ಆಟ ಆಡೋದಾ? ಫ್ರಿಜ್ ಬದಲು ಮಾಡೋದದ, ನೆನಪದಾ ನಿಮಗ?" ಅಂದಳು. ನೆನಪಿತ್ತು. ನೆನಪಿಲ್ಲದವನ ಹಾಗೆ ಎದ್ದು ಹೋದೆ.

ಗೆಳೆಯರನ್ನು ಕೇಳಿದೆ. ಒಬ್ಬ "40,000ದಾಗ ಮಸ್ತ್ ಬರ್ತದ" ಅಂದ. ಇನ್ನೊಬ್ಬ "ಲಕ್ಷದ ಕೆಳಗ ಗೇಮಿಂಗ್ ಅನ್ನೋ ಮಾತೇ ಆಡಬ್ಯಾಡಲೇ" ಅಂದ. ಹೈದರಾಬಾದಿನಲ್ಲಿ ಕೆಲಸ ಮಾಡೋ ನನ್ನ ತಮ್ಮ ಮಾತ್ರ ತಿರುಗಿ ಕೇಳಿದ: "ಅಣ್ಣ, 50,000 ಅಂದ್ರ ಡಬ್ಬಿಗಾ, ಎಲ್ಲದಕ್ಕೂ ಸೇರಿನಾ?"

ಗಂಜ್‌ನಲ್ಲಿ ಕೆಲಸ ಮಾಡೋ ನನಗೆ ಈ ಪ್ರಶ್ನೆ ಮೊದಲೇ ಹೊಳೆಯಬೇಕಿತ್ತು. ಹತ್ತಿಗೆ ಕ್ವಿಂಟಲ್‌ಗೆ ಇಷ್ಟು ಅಂತ ಕೂಗಿದ ರೇಟು ಬೇರೆ, ಹಮಾಲಿ, ಗಾಡಿ ಬಾಡಿಗೆ, ಹಿಂದೆ ತಗೊಂಡ ಮುಂಗಡ ಎಲ್ಲ ಕಳೆದು ರೈತನ ಕೈಗೆ ಬರೋ ದುಡ್ಡು ಬೇರೆ. ದಿನಾ ಅದೇ ಪಟ್ಟಿ ಬರೆಯೋನು ನಾನು. ಯೂಟ್ಯೂಬ್ ವಿಡಿಯೋದಲ್ಲಿ "50,000 ರೂಪಾಯಿಯ ಗೇಮಿಂಗ್ ಪಿಸಿ" ಅಂದಾಗ ಅದು ಕೂಗಿದ ರೇಟು ಅಷ್ಟೇ ಅಂತ ನನಗೆ ತಿಳಿಯಲಿಲ್ಲ ನೋಡಿ. ಮಾನಿಟರ್ ಅದರಲ್ಲಿ ಇಲ್ಲ. ಕೀಬೋರ್ಡ್, ಮೌಸ್ ಇಲ್ಲ. ಕರೆಂಟ್ ಹೋದಾಗ ಕಂಪ್ಯೂಟರನ್ನು ಸ್ವಲ್ಪ ಹೊತ್ತು ನಡೆಸೋ ಬ್ಯಾಟರಿ ಡಬ್ಬಿ, ಯುಪಿಎಸ್, ಇಲ್ಲ. ವಿಂಡೋಸ್ ಇಲ್ಲ. ವಿಡಿಯೋ ಮಾಡೋರು ಎಸಿ ರೂಮಿನಲ್ಲಿ ಕೂತಿರುತ್ತಾರೆ, ಹಾಗಾಗಿ ನಮ್ಮ ಬೇಸಿಗೆಯ ಲೆಕ್ಕವೂ ಇಲ್ಲ.

ತಮ್ಮ ಹೇಳಿದ ದಾರಿ ಸರಿ ಅನ್ನಿಸಿತು. ಮೊದಲು ಏನು ಆಡ್ತೀಯ ಅಂತ ಬರಿ, ಆಮೇಲೆ ಯಾವ ಪರದೆ ಮೇಲೆ ಅಂತ ಬರಿ, ದುಡ್ಡು ಕೊನೆಗೆ ಬರಿ. ಅಂಗಡಿಯ ಹಳೇ ಪಾವತಿ ಪುಸ್ತಕದ ಹಿಂದೆ ಬರೆದೆ: ಜಿಟಿಎ 5, ವ್ಯಾಲರಂಟ್, ಫೋರ್ಜಾ ಹೊರೈಜನ್ 5, ಒಂದು ಫುಟ್ಬಾಲ್ ಆಟ. ಅಷ್ಟೇ. ಜಿಟಿಎ 5 ಕಂಪ್ಯೂಟರಿಗೆ ಬಂದಿದ್ದು 2015ರಲ್ಲಿ. ವ್ಯಾಲರಂಟ್ ಅಂತೂ ಸಾಧಾರಣ ಮಷಿನ್‌ನಲ್ಲೂ ಓಡಲಿ ಅಂತಲೇ ಮಾಡಿದ ಆಟ. ಭಾರದ್ದು ಅಂದರೆ ಫೋರ್ಜಾ ಒಂದೇ. ಈ ನಾಲ್ಕು ಸಾಲು ಬರೆದ ಮೇಲೆ "ಲಕ್ಷದ ಕೆಳಗೆ ಮಾತೇ ಆಡಬ್ಯಾಡ" ಅಂದವನ ಮಾತು ತಲೆಯಿಂದ ಹೋಯಿತು. ಅವನು ಆಡೋ ಆಟಗಳೇ ಬೇರೆ.

ಆಮೇಲೆ ಪರದೆ. 4ಕೆ ಅಂತ ಎಲ್ಲರೂ ಹೇಳ್ತಾರಲ್ಲ, ಅದರ ಲೆಕ್ಕ ಹಾಕಿ ನೋಡಿದೆ. 1080ಪಿ ಪರದೆಯಲ್ಲಿ 1920 ಅಡ್ಡ, 1080 ಉದ್ದ, ಒಟ್ಟು ಸುಮಾರು 20.7 ಲಕ್ಷ ಚುಕ್ಕೆಗಳು. 4ಕೆಯಲ್ಲಿ 3840 ಅಡ್ಡ, 2160 ಉದ್ದ, ಸುಮಾರು 83 ಲಕ್ಷ. ಸರಿಯಾಗಿ ನಾಲ್ಕು ಪಟ್ಟು. ಸೆಕೆಂಡಿಗೆ 60 ಸಲ ಅಷ್ಟೂ ಚುಕ್ಕೆಗೆ ಬಣ್ಣ ತುಂಬೋದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಕೆಲಸ ನಾಲ್ಕು ಪಟ್ಟು ಕೊಟ್ಟರೆ ಕೂಲಿ ಅದೇ ಇರುತ್ತದಾ? ನನ್ನ ಮೇಜಿನ ಅಗಲ ಮೂರಡಿ. 24 ಇಂಚಿನ 1080ಪಿ ಮಾನಿಟರ್ ಸಾಕು ಅಂತ ನಿರ್ಧರಿಸಿದೆ. ಆ ಒಂದು ನಿರ್ಧಾರದಿಂದ ಉಳಿದ ಅರ್ಧ ಪಟ್ಟಿ ತಾನೇ ಬರೆದುಕೊಂಡಿತು. 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಚಿತ್ರ ತೋರಿಸೋದು, ತಗೋ ಅಂತ ಗೆಳೆಯರು ಹೇಳಿದರು. ಅದಕ್ಕೂ 75 ಹರ್ಟ್ಸ್‌ನದಕ್ಕೂ ಆಗ 4,000 ರೂಪಾಯಿ ವ್ಯತ್ಯಾಸ ಇತ್ತು. ನಾನು 75ರದ್ದು ತಗೊಂಡೆ, 8,800ಕ್ಕೆ. ನಕ್ಕರು. ಇದರ ಮಾತು ಮುಂದೆ ಬರುತ್ತದೆ.

ಇಡೀ ಲೆಕ್ಕದ ದೊಡ್ಡ ಸಾಲು ಗ್ರಾಫಿಕ್ಸ್ ಕಾರ್ಡ್. ಅದೇ ಹೊತ್ತಿಗೆ, 2022ರ ಸೆಪ್ಟೆಂಬರ್ 15ಕ್ಕೆ, ಇಥೀರಿಯಂ ಅನ್ನೋ ಕ್ರಿಪ್ಟೋ ನಾಣ್ಯ ತನ್ನ ಪದ್ಧತಿ ಬದಲಿಸಿತು. ಅಲ್ಲಿಯವರೆಗೆ ಗ್ರಾಫಿಕ್ಸ್ ಕಾರ್ಡುಗಳನ್ನು ಸಾಲಾಗಿ ಜೋಡಿಸಿ ಹಗಲು ರಾತ್ರಿ ಮೈನಿಂಗ್, ಅಂದರೆ ಲೆಕ್ಕ ಬಿಡಿಸಿ ಆ ನಾಣ್ಯ ಗಳಿಸೋ ಕೆಲಸ, ಮಾಡುತ್ತಿದ್ದವರಿಗೆ ಒಮ್ಮೆಲೆ ಕೆಲಸ ಇಲ್ಲದಾಯಿತು. ಹಿಂದಿನ ವರ್ಷ ಇವರಿಂದಲೂ ಚಿಪ್ಪಿನ ಕೊರತೆಯಿಂದಲೂ ಕಾರ್ಡುಗಳ ಬೆಲೆ ಮುಗಿಲು ಮುಟ್ಟಿತ್ತು. ಈಗ ಹಳೇ ಕಾರ್ಡುಗಳು ಸಂತೆಗೆ ಬಂದ ದನಗಳ ಹಾಗೆ ಮಾರಾಟಕ್ಕೆ ಬಂದವು. ನಮ್ಮ ಊರಿಗೂ ಬಂದವು. ಗೆಳೆಯನ ಗೆಳೆಯ ಒಬ್ಬ ಆರ್‌ಎಕ್ಸ್ 580 ಕಾರ್ಡು 9,000ಕ್ಕೆ ಕೊಡ್ತೀನಿ ಅಂದ.

ನೋಡೋಕೆ ಹೋದೆ. ಮೇಲೆ ಬಟ್ಟೆಯಲ್ಲಿ ಒರೆಸಿ ಹೊಳೆಯೋ ಹಾಗೆ ಮಾಡಿದ್ದ. ಮೊಬೈಲ್ ಟಾರ್ಚ್ ಹಾಕಿ ಫ್ಯಾನಿನ ಸಂದಿಯಲ್ಲಿ ನೋಡಿದೆ. ಒಳಗಿನ ಅಲ್ಯೂಮಿನಿಯಂ ಪಟ್ಟಿಗಳ ಮಧ್ಯೆ ಬೂದು ಬಣ್ಣದ ಧೂಳು ಗಟ್ಟಿಯಾಗಿ ಕೂತಿತ್ತು. ಬೋರ್ಡಿನ ಅಂಚಿಗೆ ಎಣ್ಣೆ ಜಿಡ್ಡು, ಶಾಖದ ಪ್ಯಾಡ್ ಕರಗಿ ಇಳಿದಿದ್ದು. ಒಂದು ಫ್ಯಾನ್ ಬೆರಳಲ್ಲಿ ತಿರುಗಿಸಿದರೆ ಕರಕರ ಅಂತಿತ್ತು. ಗಂಜ್‌ನಲ್ಲಿ ಅಂಡಿಗೆ ಒಳಗೆ ಕೈ ಹಾಕಿ ನಡುವಿನ ಹತ್ತಿ ಎಳೆದು ನೋಡ್ತಾರಲ್ಲ, ಹಾಗೆ. ಮೇಲಿನ ಹತ್ತಿ ಯಾವತ್ತೂ ಬೆಳ್ಳಗೇ ಇರುತ್ತದೆ. ಅದಕ್ಕಿಂತ ಜಾಸ್ತಿ ನನ್ನನ್ನು ತಡೆದಿದ್ದು ವ್ಯಾಟ್ ಲೆಕ್ಕ. 2017ರ ಈ ಕಾರ್ಡು 185 ವ್ಯಾಟ್ ಎಳೆಯುತ್ತದೆ. 2021ರ ಆರ್‌ಎಕ್ಸ್ 6600 ಅದಕ್ಕಿಂತ ಎಷ್ಟೋ ಚುರುಕು, ಎಳೆಯೋದು 132. ಎಳೆದ ವ್ಯಾಟ್ ಅಷ್ಟೂ ಕೊನೆಗೆ ಶಾಖವಾಗಿ ನನ್ನ ರೂಮಿಗೇ ಬರುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ 50 ವ್ಯಾಟ್ ಶಾಖಕ್ಕೂ ಬೆಲೆ ಇದೆ. ಹೊಸ 6600 ಅಂತ ಬರೆದೆ, 23,500. ಆರ್‌ಟಿಎಕ್ಸ್ 3060 ಕೂಡ ನೋಡಿದ್ದೆ. ಒಳ್ಳೆಯದೇ, 12 ಜಿಬಿ ಮೆಮೊರಿ ಬೇರೆ, ಆದರೆ ಬೆಲೆ ನನ್ನ ಕೈ ಮೀರಿತ್ತು.

ಕಂಪ್ಯೂಟರಿನ ಮಿದುಳು, ಪ್ರೊಸೆಸರ್‌ದು ಬೇಗ ಮುಗಿಯಿತು. ರೈಜೆನ್ 5 5600, ಆರು ಕೋರ್. ಇಂಟೆಲ್ ಐ3-12100ಎಫ್, ನಾಲ್ಕು ಕೋರ್. ಮೊದಲನೆಯದು ಮೇಲು, ಮಾತೇ ಇಲ್ಲ. ಆದರೆ ನನ್ನ ನಾಲ್ಕು ಆಟಕ್ಕೆ, 75 ಹರ್ಟ್ಸ್ ಪರದೆಗೆ ಎರಡನೆಯದು ಸಾಕಿತ್ತು. ಮದರ್‌ಬೋರ್ಡ್ ಸೇರಿಸಿದರೆ ಸುಮಾರು 4,000 ಉಳಿಯುತ್ತಿತ್ತು. ಒಂದು ಮಾತು ನೆನಪಿಟ್ಟುಕೊಳ್ಳಿ, ಇಂಟೆಲ್ ಹೆಸರಿನ ಕೊನೆಗೆ ಎಫ್ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇರೋದಿಲ್ಲ. ಕಾರ್ಡ್ ಆಮೇಲೆ ತಗೋತೀನಿ ಅಂತ ಎಫ್ ತಂದರೆ ಪರದೆ ಕಪ್ಪಗೇ ಇರುತ್ತದೆ. ರ‍್ಯಾಮ್ 16 ಜಿಬಿ, ಆದರೆ 16ರ ಒಂದು ಪಟ್ಟಿ ಅಲ್ಲ, 8ರ ಎರಡು. ಎರಡು ದಾರಿಯಲ್ಲಿ ಮಾಹಿತಿ ಓಡುತ್ತದೆ, ಆಟದಲ್ಲಿ ಗೊತ್ತಾಗುತ್ತದೆ. ಒಂಟೆತ್ತು ಕಟ್ಟಿ ಯಾರು ಹೊಲ ಹೊಡೀತಾರೆ? ಆಟಗಳನ್ನು ತುಂಬಿಡೋ ಎಸ್‌ಎಸ್‌ಡಿ 500 ಜಿಬಿ ತಗೊಂಡೆ. ಇದು ಮಾತ್ರ ತಪ್ಪು ಮಾಡಿದೆ. ಜಿಟಿಎ, ಫೋರ್ಜಾ ಎರಡೂ ನೂರು ನೂರು ಜಿಬಿ ದಾಟುತ್ತವೆ. ಈಗ ಒಂದು ಆಟ ಹಾಕಬೇಕಾದರೆ ಇನ್ನೊಂದು ತೆಗೀಬೇಕು. 1,500 ಹೆಚ್ಚು ಹಾಕಿದ್ದರೆ 1 ಟಿಬಿ ಬರುತ್ತಿತ್ತು.

ಈಗ ಎಸ್‌ಎಂಪಿಎಸ್, ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಹೊಂದಿಸಿ ಕೊಡೋ ಡಬ್ಬಿ. ಪವರ್ ಸಪ್ಲೈ ಅಂದರೆ ನಮ್ಮ ಕಡೆ ಯಾರಿಗೂ ಗೊತ್ತಾಗಲ್ಲ, ಎಸ್‌ಎಂಪಿಎಸ್ ಅನ್ನಬೇಕು. ಊರಿನ ಒಂದು ಅಂಗಡಿಗೆ ಪಟ್ಟಿ ಹಿಡಿದುಕೊಂಡು ಹೋಗಿದ್ದೆ. ಅಂಗಡಿಯವರು ನೋಡಿ, "ಎಸ್‌ಎಂಪಿಎಸ್‌ಗೆ 4,000 ಯಾಕ್ ಹಾಕ್ತೀರಿ ಅಣ್ಣಾರ? ಕ್ಯಾಬಿನೆಟ್ ಜೊತಿಗೇ ಬರ್ತದ, ಎರಡೂ ಸೇರಿ 2,200. 450 ವ್ಯಾಟ್ ಅದ ನೋಡ್ರಿ" ಅಂತ ತಿರುಗಿಸಿ ಲೇಬಲ್ ತೋರಿಸಿದರು. 450 ಅಂತ ದೊಡ್ಡದಾಗಿ ಬರೆದಿತ್ತು. ನನ್ನ ಲೆಕ್ಕ ಕಾರ್ಡಿಗೆ 132, ಪ್ರೊಸೆಸರ್ ಜೋರಾಗಿ ಓಡಿದಾಗ 89, ಉಳಿದಿದ್ದಕ್ಕೆ ಒಂದು 50, ಒಟ್ಟು 270ರ ಆಸುಪಾಸು. 450 ಧಾರಾಳ ಆಯ್ತಲ್ಲ ಅನ್ನಿಸಿತು. ಸುಮ್ನೆ ಕೈಗೆ ತಗೊಂಡೆ. ಹಗುರ. ಬಹಳ ಹಗುರ. ತೂಕದ ಮಂದಿ ನಾವು, ಕೈಗೆ ಹಗುರ ಅನ್ನಿಸಿದರೆ ಮನಸ್ಸಿಗೂ ಅನುಮಾನ ಬರುತ್ತದೆ.

"ಒಂದಿನ ಒಯ್ದು ತೋರಿಸ್ಕೊಂಡು ಬರ್ಲಾ?" ಅಂದೆ. ಒಳ್ಳೆಯವರು, ಕೊಟ್ಟರು. ನಮ್ಮ ಅಂಗಡಿಯಲ್ಲಿ ಸ್ಯಾಂಪಲ್ ತೂಗೋ ಎಲೆಕ್ಟ್ರಾನಿಕ್ ಕಾಟಾ ಇದೆ. ಅದರ ಮೇಲೆ ಇಟ್ಟೆ. 740 ಗ್ರಾಂ. ಗೆಳೆಯನ ಕಂಪ್ಯೂಟರಿನಲ್ಲಿದ್ದ 550 ವ್ಯಾಟ್‌ನ, 80 ಪ್ಲಸ್ ಬ್ರಾಂಜ್ ಗುರುತಿನ (ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಅನ್ನೋ ಗುರುತು) ಎಸ್‌ಎಂಪಿಎಸ್ ಬಿಚ್ಚಿ ತಂದು ಇಟ್ಟೆವು. 1 ಕೆಜಿ 680 ಗ್ರಾಂ. ವ್ಯಾಟ್‌ನಲ್ಲಿ ನೂರರ ವ್ಯತ್ಯಾಸ, ತೂಕದಲ್ಲಿ ಎರಡು ಪಟ್ಟಿಗೂ ಮೇಲೆ. ತೂಕ ಒಂದೇ ನೋಡಿ ಗುಣ ಹೇಳೋಕೆ ಆಗಲ್ಲ ಅನ್ನೋದು ನನಗೂ ಗೊತ್ತು. ಆದರೆ ಒಳಗಿನ ತಾಮ್ರ, ಶಾಖ ಹೀರೋ ಲೋಹ, ದೊಡ್ಡ ಕೆಪಾಸಿಟರ್ ಇವೆಲ್ಲ ಎಲ್ಲಿಗೆ ಹೋದವು? ಕಾಟಾ ಸುತ್ತ ಹಮಾಲರು ನಿಂತು ನೋಡುತ್ತಿದ್ದರು. ಸಾಹುಕಾರರು ಕನ್ನಡಕ ಇಳಿಸಿ, "ಏನ್ ತೂಗಾಕತ್ತೀಪಾ, ಯಾವ ಮಾಲು ಇದು?" ಅಂದರು.

ಕೊನೆಯ ಮಾತು ಹೇಳಿದ್ದು ವೈರು. ಆರ್‌ಎಕ್ಸ್ 6600ಗೆ ಎಂಟು ಪಿನ್ನಿನ ಒಂದು ವೈರು ಬೇಕು. ಈ ಹಗುರ ಡಬ್ಬಿಯಲ್ಲಿ ಆ ವೈರೇ ಇರಲಿಲ್ಲ. ವಾಪಸ್ ಕೊಡೋಕೆ ಹೋದಾಗ ಹೇಳಿದೆ. "ಕನೆಕ್ಟರ್ ಹಾಕ್ ಕೊಡ್ತೀನಿ, ಏನಾಗಲ್ಲ" ಅಂದರು. ಹಳೇ ಹಾರ್ಡ್‌ಡಿಸ್ಕಿನ ವೈರಿಗೆ ಒಂದು ತುಂಡು ಸಿಕ್ಕಿಸಿ ಎಂಟು ಪಿನ್ ಮಾಡೋದು. 23,500ರ ಕಾರ್ಡು ಅಂಥಾ ತುಂಡಿನ ಮೇಲೆ ನಿಲ್ಲಬೇಕಾ? ಬೇಡ ಅಂದೆ. ಬ್ರಾಂಜ್ 550 ವ್ಯಾಟ್‌ನದಕ್ಕೆ 4,200 ಅಂತ ಪಟ್ಟಿಯಲ್ಲಿ ಬರೆದೆ. ಮುಂದೆ ಪೂರ್ತಿ ಜಾಲಿ ಇರೋ, ಮೂರು ಫ್ಯಾನ್ ಇರೋ ಕ್ಯಾಬಿನೆಟ್ 3,600. ಗಾಜಿನ ಮುಖದ್ದು ಚೆಂದ ಕಾಣುತ್ತಿತ್ತು. ಗಾಜಿನಿಂದ ಗಾಳಿ ಬರುತ್ತದಾ?

ಇಷ್ಟು ಹೊತ್ತಿಗೆ ಡಬ್ಬಿಯ ಲೆಕ್ಕ ಹೀಗಾಗಿತ್ತು. ಕಾರ್ಡ್ 23,500, ಪ್ರೊಸೆಸರ್ 9,300, ಬೋರ್ಡ್ 6,900, ರ‍್ಯಾಮ್ 3,800, ಎಸ್‌ಎಸ್‌ಡಿ 3,200, ಎಸ್‌ಎಂಪಿಎಸ್ 4,200, ಕ್ಯಾಬಿನೆಟ್ 3,600. ಒಟ್ಟು 54,500. ಮಾನಿಟರ್, ಕೀಬೋರ್ಡ್, ಮೌಸ್ ಸೇರಿದರೆ 64,600. ವಿಂಡೋಸ್‌ಗೆ ಸೊನ್ನೆ. ಲೈಸನ್ಸ್ ಇಲ್ಲದೆ ಹಾಗೇ ಹಾಕಿ, ಪರದೆಯ ಮೂಲೆಯಲ್ಲಿ ಮಸುಕು ಅಕ್ಷರ ನೋಡಿಕೊಂಡೇ ದಿನ ದೂಡಿದೆ. 50,000 ಅಂತ ಬರೆದಿದ್ದನ್ನು ಹೊಡೆದು 65,000 ಅಂತ ಬರೆದೆ. ಇಎಂಐ ಹಾಕಬಹುದಿತ್ತು, ಬಡ್ಡಿ ಇಲ್ಲ ಅಂತಾರೆ. ಪ್ರೊಸೆಸಿಂಗ್ ಫೀ ಎಷ್ಟು, ಅದರ ಮೇಲೆ ಜಿಎಸ್‌ಟಿ ಎಷ್ಟು ಅಂತ ನೋಡಿದ ಮೇಲೆ ಬೇಡ ಅನ್ನಿಸಿತು. ನವೆಂಬರ್, ಡಿಸೆಂಬರ್, ಜನವರಿ, ತಿಂಗಳಿಗೆ 5,000ದ ಹಾಗೆ ಎತ್ತಿಟ್ಟೆ. ಮೂರು ತಿಂಗಳು ಕಾದಿದ್ದು ನಷ್ಟ ಆಗಲಿಲ್ಲ. ಯಾಕಂದರೆ ಆ ಮೂರು ತಿಂಗಳಲ್ಲೇ ಕರೆಂಟಿನ ವಿಷಯ ತಲೆಗೆ ಬಂತು.

ನಮ್ಮೂರಿನ ಕರೆಂಟಿನ ಕಥೆ ಗೊತ್ತಲ್ಲ. ಹತ್ತಿರದ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಸಿ ಕರೆಂಟ್ ಮಾಡ್ತಾರೆ. ಎಲ್ಲ ಘಟಕ ಸೇರಿ 1,720 ಮೆಗಾವ್ಯಾಟ್. ಆ ಕರೆಂಟು ಗ್ರಿಡ್‌ಗೆ ಹೋಗಿ ರಾಜ್ಯ ಸುತ್ತುತ್ತದೆ. ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್‌ಗೂ ಅದಕ್ಕೂ ಸಂಬಂಧ ಇಲ್ಲ. ಬೇಸಿಗೆಯಲ್ಲಿ ಎಲ್ಲರ ಮನೆ ಕೂಲರ್ ಒಟ್ಟಿಗೆ ಶುರುವಾದರೆ ನಮ್ಮ ಓಣಿಯ ಟ್ಯೂಬ್‌ಲೈಟ್ ಮಿಣುಕುತ್ತದೆ.

ಯುಪಿಎಸ್‌ಗೆ 5,000ದ ಮೇಲೆ ಬೇಕಿತ್ತು. ಅದನ್ನು ಉಳಿಸೋಕೆ ಒಂದು ಜಾಣತನ ಮಾಡಿದೆ. ಮನೆಯಲ್ಲಿ ಸೈನ್ ವೇವ್ ಇನ್ವರ್ಟರ್ ಇದೆ. ಹಿಂದೆ ಬಗ್ಗಿ ನೋಡಿದರೆ ಒಂದು ಸಣ್ಣ ಸ್ವಿಚ್. ಒಂದು ಕಡೆ ನಾರ್ಮಲ್, ಇನ್ನೊಂದು ಕಡೆ ಯುಪಿಎಸ್. ಇಷ್ಟು ವರ್ಷ ಯಾರೂ ಅದನ್ನು ಮುಟ್ಟಿರಲಿಲ್ಲ, ಜೇಡರ ಬಲೆ ಕಟ್ಟಿತ್ತು. ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗೋಕೆ ನಾರ್ಮಲ್‌ನಲ್ಲಿ ಹೊತ್ತು ಜಾಸ್ತಿ ಹಿಡಿಯುತ್ತದೆ, ಒಂದು ಸೆಕೆಂಡನ್ನು ಇಪ್ಪತ್ತೈದು ಭಾಗ ಮಾಡಿದರೆ ಅದರಲ್ಲಿ ಒಂದು ಭಾಗದಷ್ಟು. ಫ್ಯಾನಿಗೆ, ದೀಪಕ್ಕೆ ಅದು ಗೊತ್ತೇ ಆಗಲ್ಲ. ಕಂಪ್ಯೂಟರ್ ಅಷ್ಟರಲ್ಲಿ ಆಫ್ ಆಗಿ ಆನ್ ಆಗುತ್ತದೆ. ಯುಪಿಎಸ್ ಕಡೆ ಹಾಕಿದರೆ ಬದಲಾವಣೆ ಅದರ ಕಾಲು ಭಾಗ ಹೊತ್ತಿನಲ್ಲಿ ಮುಗಿಯುತ್ತದೆ. ಅಂಗಡಿಯ ಹಳೇ ಕಂಪ್ಯೂಟರ್ ಮನೆಗೆ ತಂದು ನೋಡಿದೆ. ಹೆಂಡತಿ ಮೇನ್ ಸ್ವಿಚ್ ಹತ್ತಿರ, ನಾನು ಪರದೆ ಮುಂದೆ. ನಾರ್ಮಲ್‌ನಲ್ಲಿ ಮೂರು ಸಲ ತೆಗೆದರೆ ಎರಡು ಸಲ ರೀಸ್ಟಾರ್ಟ್. ಯುಪಿಎಸ್‌ನಲ್ಲಿ ಹತ್ತು ಸಲ ತೆಗೆದರೂ ಒಂದು ಸಲವೂ ಇಲ್ಲ. "ಆತಾ? ಹಾಲು ಉಕ್ಕಾಕತ್ತದ" ಅಂತ ಅವಳು ಹೋದಳು. ಯುಪಿಎಸ್ ಸಾಲಿನ ಮುಂದೆ ಸೊನ್ನೆ ಬರೆದೆ. ಆ ಸೊನ್ನೆ ನೋಡಿ ಎಷ್ಟು ಖುಷಿಯಾಗಿತ್ತು ಅಂದರೆ ತಮ್ಮನಿಗೆ ಫೋಟೋ ಕಳಿಸಿದ್ದೆ.

2023ರ ಜನವರಿ ಕೊನೆಗೆ ಸಾಹುಕಾರರ ಹತ್ತಿರ ಒಂದು ದಿನ ರಜೆ ಕೇಳಿ ಹೈದರಾಬಾದಿಗೆ ಹೋದೆ. ನಮಗೆ ಬೆಂಗಳೂರಿನ ಎಸ್‌ಪಿ ರೋಡಿಗಿಂತ ಸಿಕಂದರಾಬಾದಿನ ಸಿಟಿಸಿ ಹತ್ತಿರ. ಪೂರ್ತಿ ಹೆಸರು ಚೆನಾಯ್ ಟ್ರೇಡ್ ಸೆಂಟರ್, ಹಾಗೆ ಕೇಳಿದರೆ ಆಟೋದವನು ಮುಖ ನೋಡುತ್ತಾನೆ. ಒಂದೇ ಕಟ್ಟಡದ ತುಂಬ ಕಂಪ್ಯೂಟರ್ ಅಂಗಡಿಗಳು. ಒಬ್ಬ ಹೇಳಿದ ರೇಟನ್ನು ಪಕ್ಕದವನಿಗೆ ಹೇಳಿದರೆ ಇನ್ನೂರು ಇಳಿಸುತ್ತಾನೆ, ಮೂರನೆಯವನು ಇನ್ನೊಂದು ನೂರು. ನಮ್ಮ ಗಂಜ್‌ನ ಹರಾಜು ಉಲ್ಟಾ ನಡೆದ ಹಾಗೆ. ಒಂದು ಅಂಗಡಿಯವನು ಕ್ಯಾಲ್ಕುಲೇಟರ್ ಒತ್ತುತ್ತಾ ತಲೆ ಎತ್ತದೆ ಕೇಳಿದ: "ಬಿಲ್ ಹೋನಾ ಕ್ಯಾ ಭಾಯ್?"

ಬಿಲ್ ಬೇಡ ಅಂದರೆ ಕಡಿಮೆ ಮಾಡ್ತಾನೆ. 18 ಪರ್ಸೆಂಟ್ ಜಿಎಸ್‌ಟಿಯ ಆಸೆ ಅದು. ಗ್ಯಾರಂಟಿಗೆ ಹೋದಾಗ ಬಿಲ್ ಎಲ್ಲಿ ಅಂತ ಕೇಳಿದರೆ ಏನು ತೋರಿಸೋದು? ಕಾರ್ಡಿಗೆ ಮೂರು ವರ್ಷ, ಎಸ್‌ಎಂಪಿಎಸ್‌ಗೆ ಅದಕ್ಕಿಂತ ಜಾಸ್ತಿ ಗ್ಯಾರಂಟಿ ಇತ್ತು. "ಹೋನಾ" ಅಂದೆ. ಕಾರ್ಡು, ಪ್ರೊಸೆಸರ್, ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್ ಅಲ್ಲಿ ತಗೊಂಡೆ. ಪ್ರತಿ ಡಬ್ಬಿಯ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬಂದಿದೆಯಾ ಅಂತ ಒಂದೊಂದಾಗಿ ನೋಡಿದೆ. ಅಂಗಡಿಯವನಿಗೆ ಬೇಜಾರಾಯಿತು, ಆಗಲಿ. ಮಾನಿಟರ್, ಕ್ಯಾಬಿನೆಟ್ ಮಾತ್ರ ರಾಯಚೂರಿನಲ್ಲೇ, ಅದೇ ಹಗುರ ಎಸ್‌ಎಂಪಿಎಸ್ ತೋರಿಸಿದವರ ಹತ್ತಿರವೇ ತಗೊಂಡೆ. ಬಸ್ಸಿನಲ್ಲಿ ಮಾನಿಟರ್ ತರೋ ಧೈರ್ಯ ಇರಲಿಲ್ಲ. ಅವರೂ ನಗುತ್ತಾ ಕೊಟ್ಟರು. ಬಸ್ಸು, ಆಟೋ, ಊಟ, ತಮ್ಮನಿಗೆ ಬಿರಿಯಾನಿ ಸೇರಿ 1,150. ಇದನ್ನೂ ಪಟ್ಟಿಯಲ್ಲಿ ಬರೆದೆ. ಗಾಡಿ ಬಾಡಿಗೆ ಬಿಟ್ಟು ಪಟ್ಟಿ ಮಾಡೋ ಅಭ್ಯಾಸ ನನಗಿಲ್ಲ.

ಕಟ್ಟೋಕೆ ಒಂದು ಭಾನುವಾರ ಹಿಡಿಯಿತು. ಅದರ ಬಗ್ಗೆ ಹೇಳೋಕೆ ಏನಿಲ್ಲ, ಪ್ರೊಸೆಸರ್ ಕೂರಿಸಿ ಹಿಡಿ ಒತ್ತುವಾಗ ಕರ್ ಅಂತ ಸದ್ದು ಬರುತ್ತದೆ, ಹೆದರಬೇಡಿ. ಆನ್ ಆಯಿತು. ಕುಣಿಯೋದೊಂದು ಬಾಕಿ. ಖುಷಿಯಿಂದ ಕ್ಯಾಬಿನೆಟ್ ಮೇಲೆ ಕೈ ಇಟ್ಟೆ. ಜುಮ್ ಅಂತು.

ಶಾಕ್ ಅನ್ನುವಷ್ಟಲ್ಲ. ಬೆರಳ ತುದಿಗೆ ಇರುವೆ ಹರಿದ ಹಾಗೆ. ಎಲೆಕ್ಟ್ರಿಷಿಯನ್ ಬಂದು ಟೆಸ್ಟರ್ ಇಟ್ಟು, "ನಿಮ್ಮ ಮನಿಯಾಗ ಅರ್ಥಿಂಗ್ ಹೆಸರಿಗಷ್ಟೇ ಅದ" ಅಂದ. ನಮ್ಮದು ಅಪ್ಪ ಕಟ್ಟಿಸಿದ ಮನೆ. ಹಿತ್ತಲಿನ ಅರ್ಥಿಂಗ್ ಗುಂಡಿ ಎಲ್ಲಿದೆ ಅಂತ ಅವ್ವನೇ ತೋರಿಸಬೇಕಾಯಿತು, ಮೇಲೆ ಕರಿಬೇವಿನ ಗಿಡ ಬೆಳೆದಿತ್ತು. ಮಣ್ಣು ಒಣಗಿ ಬಿರುಕು ಬಿಟ್ಟಿತ್ತು, ತಂತಿ ಪುಡಿಪುಡಿ. ಹೊಸ ತಂತಿ, ಉಪ್ಪು, ಇದ್ದಲು ಹಾಕಿ, ನಾಲ್ಕು ಕೊಡ ನೀರು ಹೊಯ್ದು, ರೂಮಿನ ಪ್ಲಗ್ಗಿಗೆ ಸರಿಯಾದ ಮೂರನೇ ವೈರು ಎಳೆದ. 1,250 ರೂಪಾಯಿ. ಯಾವ ವಿಡಿಯೋದವರ ಪಟ್ಟಿಯಲ್ಲೂ ಈ ಸಾಲು ನಾನು ನೋಡಿಲ್ಲ. ಈಗಲೂ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಅವ್ವ ಆ ಗುಂಡಿಗೆ ನೀರು ಹಾಕುತ್ತಾಳೆ. ಕರಿಬೇವಿನ ಗಿಡಕ್ಕೆ ಅಂತ ಅವಳು, ಕಂಪ್ಯೂಟರಿಗೆ ಅಂತ ನಾನು.

ಫೆಬ್ರವರಿ, ಮಾರ್ಚ್ ರಾಜನ ಹಾಗೆ ಆಡಿದೆ. ಏಪ್ರಿಲ್ ನಡುವಿನಿಂದ ಸಂಜೆ ಏಳರ ಹೊತ್ತಿಗೆ ಇನ್ವರ್ಟರ್ ಕೂಗೋಕೆ ಶುರು. ಕರೆಂಟ್ ಇದೆ, ಪಕ್ಕದ ಮನೆಯಲ್ಲಿ ಟಿವಿ ನಡೀತಿದೆ, ನಮ್ಮ ಇನ್ವರ್ಟರ್ ಮಾತ್ರ ಬ್ಯಾಟರಿ ಮೇಲೆ. ಒಂದು ವಾರ ತಲೆ ಕೆರೆದುಕೊಂಡು ಮ್ಯಾನ್ಯುಯಲ್ ಹುಡುಕಿದೆ. ಯುಪಿಎಸ್ ಕಡೆ ಇದ್ದಾಗ ವೋಲ್ಟೇಜ್ 180ರ ಕೆಳಗೆ ಇಳಿದರೆ ಅದು ಹೊರಗಿನ ಕರೆಂಟನ್ನು ಒಪ್ಪೋದೇ ಇಲ್ಲ. ನಾರ್ಮಲ್ ಕಡೆ ಇದ್ದರೆ ನೂರರ ತನಕ ಇಳಿದರೂ ಸುಮ್ಮನೆ ನಡೆಸುತ್ತದೆ. ಮೀಟರ್ ಇಟ್ಟು ನೋಡಿದೆ. ಸಂಜೆ 168. ಅಂದರೆ ದಿನಾ ಸಂಜೆ, ಎಲ್ಲ ಕೂಲರ್ ಓಡೋ ಹೊತ್ತಿಗೆ, ನನ್ನ ಜಾಣತನ ಇಡೀ ಮನೆಯನ್ನು ಬ್ಯಾಟರಿ ಮೇಲೆ ಹಾಕುತ್ತಿತ್ತು. ರಾತ್ರಿ ನಿಜವಾಗಿ ಕರೆಂಟ್ ಹೋದಾಗ ಬ್ಯಾಟರಿ ಖಾಲಿ. ಮೇ ತಿಂಗಳಲ್ಲಿ ಫ್ಯಾನ್ ಇಲ್ಲದ ಒಂದು ರಾತ್ರಿ ಆದ ಮೇಲೆ ಹೆಂಡತಿ ಏನೂ ಅನ್ನಲಿಲ್ಲ. ಇನ್ವರ್ಟರ್ ಹಿಂದೆ ಕೈ ಹಾಕಿ ಆ ಸ್ವಿಚ್ ನಾರ್ಮಲ್‌ಗೆ ಹಾಕಿ ಹೋದಳು.

ಮರುದಿನ ಯುಪಿಎಸ್ ತಂದೆ. ಇಲ್ಲೂ ಒಂದು ಹಳ್ಳ ಇದೆ. 600 ವಿಎ ಅಂದರೆ 600 ವ್ಯಾಟ್ ಅಲ್ಲ, 360ರ ಆಸುಪಾಸು. ನನ್ನದು ಮಾನಿಟರ್ ಸೇರಿ 300 ಮುಟ್ಟುತ್ತದೆ. ಅಷ್ಟು ಬಿಗಿ ಬೇಡ ಅಂತ 1,100 ವಿಎದ್ದು, 660 ವ್ಯಾಟ್, 5,600 ರೂಪಾಯಿ. ವೋಲ್ಟೇಜ್ ಇಳಿದರೆ ತಾನೇ ಏರಿಸಿಕೊಳ್ಳುತ್ತದೆ, ಬ್ಯಾಟರಿ ಮುಟ್ಟಲ್ಲ. ಸೊನ್ನೆ ಬರೆದಿದ್ದ ಸಾಲು ಹೊಡೆದು ಹಾಕಿ 5,600 ಬರೆದೆ. ಒಟ್ಟು 72,600. ತಮ್ಮನಿಗೆ ಈ ಸಲ ಫೋಟೋ ಕಳಿಸಲಿಲ್ಲ.

ಶಾಖದ ಮಾತು ಉಳಿಯಿತು. ಹೊರಗೆ 43 ಡಿಗ್ರಿ, ರೂಮಿನೊಳಗೆ 37. ಫೋರ್ಜಾ ಹಾಕಿದರೆ ಕಾರ್ಡು 80ರ ಹತ್ತಿರ ಹೋಗುತ್ತಿತ್ತು. ಫ್ಯಾನ್ ಸದ್ದಿಗೆ ಅವ್ವ ಮಿಕ್ಸರ್ ಯಾರು ಹಚ್ಚಿದ್ರು ಅಂತ ಕೇಳೋಳು. ಕೂಲರ್ ತಂದು ಕ್ಯಾಬಿನೆಟ್ ಮುಂದೆ ಇಟ್ಟರೆ ಅದರ ಗಾಳಿಯಲ್ಲಿ ನೀರು, ಜಾಲಿ ಮೇಲೆ ಹಸಿ ಧೂಳು ಕೆಸರಿನ ಹಾಗೆ ಮೆತ್ತಿತು. ಕೂಲರ್ ಆಚೆ ತಿರುಗಿಸಿದೆ. ಕೊನೆಗೆ ಕೆಲಸಕ್ಕೆ ಬಂದಿದ್ದು ಗೆಳೆಯರು ನಕ್ಕಿದ್ದ ಆ 75 ಹರ್ಟ್ಸ್ ಮಾನಿಟರ್. ಪರದೆ ತೋರಿಸೋದೇ ಸೆಕೆಂಡಿಗೆ 75 ಚಿತ್ರ, ಕಾರ್ಡು ಅದಕ್ಕಿಂತ ಜಾಸ್ತಿ ಯಾಕೆ ಮಾಡಬೇಕು? 75ಕ್ಕೆ ಮಿತಿ ಹಾಕಿದೆ. ಏಳೆಂಟು ಡಿಗ್ರಿ ಇಳಿಯಿತು, ಮಿಕ್ಸರ್ ಸದ್ದು ನಿಂತಿತು.

ಅದಾದ ಮೇಲೂ ಮೇ ತಿಂಗಳ ಸಂಜೆ ಆಡೋಕೆ ಆಗಲ್ಲ, ಕಂಪ್ಯೂಟರಿಗಲ್ಲ, ನನಗೆ. ಹಾಗಾಗಿ ಬೆಳಗಿನ ಐದಕ್ಕೆ ಏಳೋಕೆ ಶುರು ಮಾಡಿದೆ. ಆ ಹೊತ್ತಿಗೆ ರೂಮು ತಂಪಿರುತ್ತದೆ, ವೋಲ್ಟೇಜ್ 230 ಇರುತ್ತದೆ, ಓಣಿಯಲ್ಲಿ ಹಾಲಿನವನ ಸೈಕಲ್ ಬಿಟ್ಟರೆ ಸದ್ದಿಲ್ಲ. ದಿನಕ್ಕೆ ಎರಡು ತಾಸು, ತಿಂಗಳಿಗೆ 18 ಯೂನಿಟ್ ಕೂಡ ದಾಟಲ್ಲ. ಮಗ ಬೆಳಗ್ಗೆ ಬೇಗ ಏಳೋಕೆ ಕಲಿತ ಅಂತ ಅವ್ವ ಪಕ್ಕದ ಮನೆಯವರಿಗೆ ಹೇಳಿಕೊಂಡು ಬಂದಿದ್ದಾಳೆ. ಹೆಂಡತಿ ಮಾತ್ರ ಮೊನ್ನೆ ಚಹಾ ಇಟ್ಟು ಹೋಗುವಾಗ, "ಫ್ರಿಜ್ಜಿಗೂ ಒಂದು ಹಿಂಗೇ ಪಟ್ಟಿ ಮಾಡ್ರಿ. ಬಸ್ ಚಾರ್ಜ್ ಸೇರಿಸಿ" ಅಂದಳು. ಪಾವತಿ ಪುಸ್ತಕದ ಇನ್ನೊಂದು ಹಾಳೆ ತಿರುವಿದ್ದೇನೆ. ಮೊದಲ ಸಾಲಿನಲ್ಲಿ ಸ್ಟೆಬಿಲೈಸರ್ ಅಂತ ಬರೆದಿದ್ದೇನೆ.